ನಿನ್ನಿಗಿಂತ ಇವತ್ತ ಏನು ಬದಲಾತು?

ಕೇಳುಗರಿಗೆ ನಮಸ್ಕಾರ. ಈ ಹೊತ್ತಿಗೆ ಯಾರ್ಯಾರು ರೇಡಿಯೊ ಹಚ್ಚಿರುತ್ತೀರಿ ಅನ್ನುವ ಅಂದಾಜು ನನಗಿದೆ. ಒಲೆ ಮುಂದೆ ರೊಟ್ಟಿ ಬಡಿಯುತ್ತಿರುವ ಅಕ್ಕಾರು, ಅಂಗಡಿ ಗಲ್ಲಾದ ಮೇಲೆ ಕುಂತ ಅಣ್ಣಾರು, ಪಡಸಾಲೆಯೊಳಗೆ ಪೇಪರು ಮಡಚಿಟ್ಟು ಕಣ್ಣು ಮುಚ್ಚಿದ ನಿವೃತ್ತ ಮಾಸ್ತರರು. ಇನ್ನೊಂದು ತಾಸಿಗೆ ನೀವೆಲ್ಲ ಟಿವಿ ಮುಂದೆ ಕೂಡುವವರೇ. ಅದಕ್ಕೇ ಇವತ್ತಿನ ಮಾತು ಹೊಸ ಧಾರಾವಾಹಿಗಳ ಬಗ್ಗೆ.

ಪತ್ರಿಕೆಯಲ್ಲಿ ಧಾರಾವಾಹಿ ವಿಮರ್ಶೆ ಬರೆಯುವವರ ಮೇಲೆ ಓದುಗರದು ಒಂದೇ ತಕರಾರು. “ಮೊದಲನೇ ಪ್ಯಾರಾದಾಗ ಹೊಗಳ್ತೀರಿ, ಎರಡನೇದರಾಗ ಬೈತೀರಿ. ನೋಡಬೇಕೋ ಬ್ಯಾಡೋ, ಒಂದ ಮಾತು ಹೇಳ್ರಲಾ!” ತಕರಾರು ಸರಿಯಾಗೇ ಇದೆ. ಆದರೆ ಹುಬ್ಬಳ್ಳಿಯ ಖಾನಾವಳಿಯಲ್ಲಿ ಉಂಡು ಹೊರಗೆ ಬಂದವರನ್ನು ಕೇಳಿ ನೋಡಿ. “ಎಣ್ಣಿಗಾಯಿ ಭಾರಿ ಇತ್ತು, ರೊಟ್ಟಿ ಹಸೀ ಇತ್ತು, ಶೇಂಗಾ ಹಿಂಡಿ ಪರವಾಗಿಲ್ಲ” ಅನ್ನುತ್ತಾರೆ. ಒಂದು ತಾಟಿನೊಳಗೇ ಮೂರು ತೀರ್ಪು. ಧಾರಾವಾಹಿ ಅಂದರೂ ಒಂದು ತಾಟೇ. ನಟರು ಒಬ್ಬರ ಕೈಯಡಿಗೆ, ಸಂಭಾಷಣೆ ಇನ್ನೊಬ್ಬರದು, ಕಥೆಯ ಎಳೆ ಮತ್ತೊಬ್ಬರದು, ಅದನ್ನು ಎಷ್ಟು ಜಗ್ಗಬೇಕು ಅನ್ನುವುದು ಚಾನೆಲ್ಲಿನವರದು. ಹೀಗಿರುವಾಗ ಒಂದೇ ಮಾತು ಎಲ್ಲಿಂದ ಬರಬೇಕು?

ಆದರೂ ಒಂದು ಪ್ರಶ್ನೆ ಇದೆ. ಅದನ್ನು ನೀವು ಕಲಿತರೆ ಸಾಕು, ವಿಮರ್ಶಕರ ಹಂಗೇ ಬೇಡ. ಕಂತು ಮುಗಿದ ಕೂಡಲೇ ಕೇಳಿಕೊಳ್ಳಿ: ನಿನ್ನಿಗಿಂತ ಇವತ್ತ ಏನು ಬದಲಾತು? ಅಷ್ಟೇ. ನಿನ್ನೆ ಸೊಸೆಗೆ ಗೊತ್ತಿಲ್ಲದ ಒಂದು ಸಂಗತಿ ಇವತ್ತು ಗೊತ್ತಾಯಿತೇ? ನಿನ್ನೆ ಮಾತಾಡುತ್ತಿದ್ದ ಅಣ್ಣತಮ್ಮಂದಿರು ಇವತ್ತು ಮಾತು ಬಿಟ್ಟರೇ? ಏನೋ ಒಂದು ಕದಲಿರಬೇಕು. ಕದಲದಿದ್ದರೆ ನಿಮ್ಮ ಅರ್ಧ ತಾಸು ಹೋಯಿತು.

ಹ್ಯಾಗೆ ಮಾಡಬೇಕು ಹೇಳುತ್ತೇನೆ, ಪೆನ್ಸಿಲ್ ಹಿಡಿದುಕೊಳ್ಳಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರು ಇರುತ್ತದಲ್ಲ, ಅದರಲ್ಲೇ ಆಯಾ ದಿನದ ಮನೆಯೊಳಗೆ ಒಂದು ಸಾಲು ಬರೆಯಿರಿ. ಸೋಮವಾರದಿಂದ ಶನಿವಾರಕ್ಕೆ ಆರು ಸಾಲು. “ಪತ್ರ ಸಿಕ್ಕಿತು.” “ಪತ್ರ ಓದಿದಳು.” ಇವು ಸಾಲು. “ಎಲ್ಲರೂ ಗಾಬರಿಯಾದರು” ಅನ್ನುವುದು ಸಾಲಲ್ಲ, ಗಾಬರಿಯಾಗಿ ಏನು ಮಾಡಿದರು ಅನ್ನುವುದನ್ನು ಬರೆಯಬೇಕು. ವಾರಕ್ಕೆ ನಾಲ್ಕು ಸಾಲು ತುಂಬಿದರೆ ಆ ಧಾರಾವಾಹಿ ಆರೋಗ್ಯದಿಂದಿದೆ. ಎರಡೇ ತುಂಬಿದರೆ ಎಳೆಯುತ್ತಿದ್ದಾರೆ ಅಂತ ತಿಳಿಯಿರಿ.

ಇದನ್ನು ಮೊದಲ ವಾರ ಮಾತ್ರ ಮಾಡಬೇಡಿ. ಮೊದಲ ವಾರ ಅನ್ನುವುದು ಮದುವಿ ಊಟ. ಹೊರಾಂಗಣ, ಜಾತ್ರೆ, ಡ್ರೋನ್ ಕ್ಯಾಮೆರಾ, ನೂರು ಜನ ಸಹನಟರು. ರೊಕ್ಕವೂ ವೇಳೆಯೂ ಅಲ್ಲಿ ಸುರಿದಿರುತ್ತದೆ. ನಾಲ್ಕನೇ ವಾರಕ್ಕೆ ಎಲ್ಲ ಒಂದು ದಿವಾನಖಾನೆ, ಒಂದು ಅಡಿಗೆ ಮನೆ, ಒಂದು ಜಿನೆಗೆ ಬಂದು ನಿಲ್ಲುತ್ತದೆ. ಮನಿ ಊಟ ಹ್ಯಾಗಿದೆ ಅನ್ನುವುದು ಆಗ ತಿಳಿಯುತ್ತದೆ. ಆಗ ಲೆಕ್ಕ ಶುರು ಮಾಡಿ.

ಎಳೆಯುವುದು ಹ್ಯಾಗೆ? ಇದಕ್ಕೂ ಲೆಕ್ಕವಿದೆ. ನಮ್ಮ ದೇಶದ ನಿಯಮದ ಪ್ರಕಾರ ಒಂದು ತಾಸಿನಲ್ಲಿ ಜಾಹೀರಾತಿಗೆ 12 ನಿಮಿಷ. ಅಂದರೆ ಅರ್ಧ ತಾಸಿಗೆ 6 ತೆಗೆಯಿರಿ, 24 ಉಳಿಯಿತು. ಶೀರ್ಷಿಕೆ ಗೀತೆ, ‘ಹಿಂದಿನ ಸಂಚಿಕೆಯಲ್ಲಿ’, ‘ಮುಂದಿನ ಸಂಚಿಕೆಯಲ್ಲಿ’ ಇವಕ್ಕೆ ಎರಡು ನಿಮಿಷ ಹೋದರೆ ಕಥೆಗೆ ಸಿಕ್ಕಿದ್ದು 22. ಈಗ ಅತ್ತೆ ಒಂದು ಮಾತು ಅನ್ನುತ್ತಾರೆ: “ಈ ಮನೆಯಿಂದ ಹೊರಗೆ ಹೋಗು!” ದಿವಾನಖಾನೆಯಲ್ಲಿ ಒಂಬತ್ತು ಮಂದಿ ನಿಂತಿದ್ದಾರೆ. ಒಂದೊಂದು ಮುಖಕ್ಕೆ ಮೂರು ಸೆಕೆಂಡು, ಧಡ್ ಅಂತ ಒಂದು ಸಪ್ಪಳ. ಒಂಬತ್ತು ಮೂರಲೆ ಇಪ್ಪತ್ತೇಳು. ಎರಡು ಸುತ್ತು ಹೊಡೆದರೆ 54 ಸೆಕೆಂಡು. ಒಂದು ಕಂತಿನಲ್ಲಿ ಇಂಥವು ನಾಲ್ಕು ಬಂದರೆ ಮೂರೂವರೆ ನಿಮಿಷ ಕರಗಿತು, ಯಾರೂ ಒಂದು ಮಾತು ಬರೆಯಬೇಕಾಗಿಲ್ಲ, ಯಾರೂ ಒಂದು ಮಾತು ಬಾಯಿಪಾಠ ಮಾಡಬೇಕಾಗಿಲ್ಲ. ಮುಂಚಿತವಾಗಿ ಮಾಡಿಟ್ಟ ಕಂತುಗಳಿಗೆ ಆ ಕಸಬಿನವರು ‘ಬ್ಯಾಂಕ್’ ಅನ್ನುತ್ತಾರೆ. ಬ್ಯಾಂಕಿನಲ್ಲಿ ಹತ್ತು ಕಂತು ಇದ್ದಾಗ ಈ ಮುಖಗಳು ಕಡಿಮೆ. ಬ್ಯಾಂಕ್ ಖಾಲಿಯಾಗಿ, ಇವತ್ತು ತೆಗೆದದ್ದು ನಾಳೆ ಪ್ರಸಾರ ಅನ್ನುವ ಸ್ಥಿತಿ ಬಂತೆಂದರೆ ಮುಖಗಳದ್ದೇ ಜಾತ್ರೆ. ಮುಖ ಎಣಿಸಿದರೆ ಬ್ಯಾಂಕಿನ ಪರಿಸ್ಥಿತಿ ನಿಮಗೆ ಮನೆಯಲ್ಲೇ ತಿಳಿಯುತ್ತದೆ.

ಈಗ ಒಂದು ಕಥೆ ಹೇಳಲೇಬೇಕು. 1984ರ ಜುಲೈ 7ರಂದು ದೂರದರ್ಶನದಲ್ಲಿ ‘ಹಮ್ ಲೋಗ್’ ಶುರುವಾಯಿತು. ಹಿಂದಿ ಧಾರಾವಾಹಿ. ನಮ್ಮ ದೇಶದಲ್ಲಿ ಈ ನಮೂನೆಯ ದೀರ್ಘ ಧಾರಾವಾಹಿಗೆ ಅದೇ ಮೊದಲು. ಬರೆದವರು ಮನೋಹರ ಶ್ಯಾಮ ಜೋಶಿ, ನಿರ್ದೇಶನ ಪಿ. ಕುಮಾರ ವಾಸುದೇವ್. ಇದರ ಬೀಜ ಬಂದದ್ದು ಮೆಕ್ಸಿಕೋದಿಂದ. ಅಲ್ಲಿ ಮಿಗೆಲ್ ಸಬೀದೋ ಅನ್ನುವವರು ಕಥೆಯೊಳಗೇ ತಿಳಿವಳಿಕೆ ಬೆರೆಸಿ, ಜನ ತಾವಾಗೇ ನೋಡುವ ಹಾಗೆ ಧಾರಾವಾಹಿ ಮಾಡಿದ್ದರು. ನಮ್ಮವರೂ ಮಾಡೋಣ ಅಂದರು. ವಿಷಯ ಕುಟುಂಬ ಯೋಜನೆ. ಪ್ರಾಯೋಜಕರು ಮ್ಯಾಗಿ ನೂಡಲ್ಸಿನವರು. ಆಗ ಆ ನೂಡಲ್ಸೂ ನಮ್ಮ ದೇಶಕ್ಕೆ ಹೊಸದೇ.

ಶುರುವಿನಲ್ಲಿ ಏನಾಯಿತು? ಮೊದಲ 13 ಕಂತಿನಲ್ಲಿ ಉಪದೇಶ ಜಾಸ್ತಿಯಾಯಿತು. ಜನ ಬೇಸತ್ತರು. ನನ್ನ ಪ್ರಶ್ನೆ ಹಾಕಿ ನೋಡಿ, ನಿನ್ನಿಗಿಂತ ಇವತ್ತ ಏನು ಬದಲಾತು? ಉಪದೇಶ ಕೇಳಿ ಕಥೆಯೊಳಗೆ ಏನೂ ಬದಲಾಗುವುದಿಲ್ಲ, ಉಪದೇಶದ ಸ್ವಭಾವವೇ ಹಾಗೆ. ಜೋಶಿಯವರು ಕಥೆಯ ಹದ ಬದಲಿಸಿದರು. ಕುಟುಂಬ ಯೋಜನೆಯ ಮಾತನ್ನು ತೆಳ್ಳಗೆ ಮಾಡಿ ಮನೆಯ ಜಗಳ, ಮಕ್ಕಳ ಆಸೆ, ಕುಡುಕ ಅಪ್ಪ, ಹೆಣ್ಣುಮಕ್ಕಳ ಮದುವೆ ಇವನ್ನು ಮುಂದಕ್ಕೆ ತಂದರು. ಹಿರಿಮಗಳು ಬಡ್ಕಿ, ನಡುವಿನವಳು ಮಝ್ಲಿ, ಕಿರಿಯಳು ಛುಟ್ಕಿ. ಮಝ್ಲಿಗೆ ಸಿನಿಮಾದ ಹುಚ್ಚು, ಛುಟ್ಕಿಗೆ ಡಾಕ್ಟರ್ ಆಗುವ ಆಸೆ. ಒಬ್ಬೊಬ್ಬರಿಗೂ ಒಂದೊಂದು ಬೇಕು ಇದೆ ನೋಡಿ! ಬೇಕು ಇದ್ದವರು ಸುಮ್ಮನೆ ಕೂಡುವುದಿಲ್ಲ, ಅವರು ಕದಲಿದರೆ ಕಥೆ ಕದಲುತ್ತದೆ. ಕಂತಿನ ಕೊನೆಗೆ ಹಿರಿಯ ನಟ ಅಶೋಕ ಕುಮಾರ್ ಬಂದು, ಇವತ್ತು ನಡೆದದ್ದರ ಬಗ್ಗೆ ಅರ್ಧ ನಿಮಿಷ ಮಾತಾಡುತ್ತಿದ್ದರು. ಮನೆಯ ಅಜ್ಜ ಎಲೆ ಅಡಿಕೆ ಹಾಕುತ್ತ ಮಾತಾಡಿದ ಹಾಗೆ. ಉಪದೇಶ ಅಲ್ಲಿಗೆ ಹೋಯಿತು, ಕಥೆ ಹಗುರಾಯಿತು.

ಮುಂದೆ ನಡೆದದ್ದು ಕೇಳಿ. ನಾಲ್ಕು ಲಕ್ಷಕ್ಕೂ ಮಿಕ್ಕಿ ಪತ್ರಗಳು ಬಂದವು. ಬಡ್ಕಿಯ ಮದುವೆಯ ಕಂತು ಪ್ರಸಾರವಾದ ದಿನ ಉತ್ತರ ಭಾರತದ ಕೆಲವು ಊರುಗಳಲ್ಲಿ ಅಂಗಡಿಗಳು ಲಗೂ ಬಾಗಿಲು ಹಾಕಿದವು, ಮದುಮಕ್ಕಳಿಗೆ ಶುಭಾಶಯದ ತಂತಿಗಳು ಬಂದವು. ಇಲ್ಲದ ಮದುಮಕ್ಕಳಿಗೆ! ಇಲ್ಲಿಯವರೆಗೆ ಹೊಗಳಿಕೆ. ಈಗ ಬೈಗುಳ. ಆ ಮನೆಯ ತಾಯಿ ಭಾಗವಂತಿ, ಎಲ್ಲ ಸಹಿಸಿಕೊಳ್ಳುವ ಹೆಂಗಸು. ಗಂಡ ಕುಡಿದು ಬಂದರೂ, ಅತ್ತೆ ಚುಚ್ಚಿದರೂ ತುಟಿ ಬಿಚ್ಚುವುದಿಲ್ಲ. “ಹೀಗೆ ಇರಬೇಡಿ” ಅಂತ ಹೇಳುವುದಕ್ಕೇ ಆ ಪಾತ್ರ ಮಾಡಿದ್ದು. ನೋಡಿದ ಎಷ್ಟೋ ಮಂದಿ ಏನಂದರು? “ಹೆಣ್ಣಂದ್ರ ಹಿಂಗಿರಬೇಕು!” ಹೆಂಗಸರೂ ಅಂದರು. ಪಾತ್ರ ಅಳುತ್ತಿದ್ದರೆ ನಮ್ಮ ಮನಸ್ಸು ಅದರ ಕಡೆಗೇ ವಾಲುತ್ತದೆ. ಬರೆದವರ ಉದ್ದೇಶ ಕಾಗದದಲ್ಲೇ ಉಳಿಯಿತು. ಯಾಕೆ? ಭಾಗವಂತಿ ಬದಲಾಗಲಿಲ್ಲ. ಸಹಿಸಿದ್ದಕ್ಕೆ ಆಕೆ ಏನು ಕಳಕೊಂಡಳು ಅನ್ನುವುದು ಕಣ್ಣಿಗೆ ಹೊಡೆಯುವ ಹಾಗೆ ಬರಲಿಲ್ಲ. ಇವತ್ತಿನ ಹೊಸ ಧಾರಾವಾಹಿಗಳಲ್ಲೂ ಇದೇ ತಾಯಿ, ಇದೇ ಸೊಸೆ ದಿನಾ ಬರುತ್ತಾಳೆ. ನಾಯಕಿ ಐಎಎಸ್ ಓದುತ್ತಾಳೆ ಅಂತ ಮೊದಲ ವಾರ ಹೇಳಿ, ನಾಲ್ಕನೇ ತಿಂಗಳಿಗೆ ಹಾಲಿನ ಲೋಟದಲ್ಲಿ ವಿಷ ಹಾಕಿದವರು ಯಾರು ಅಂತ ಹುಡುಕುವ ಕೆಲಸಕ್ಕೆ ಹಚ್ಚುತ್ತಾರೆ. ಪುಸ್ತಕ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಕೇಳಬೇಕಲ್ಲ!

‘ಹಮ್ ಲೋಗ್’ 1985ರ ಡಿಸೆಂಬರಿಗೆ ಮುಗಿಯಿತು. ಒಂದೂವರೆ ವರ್ಷ ತುಂಬುವ ಮೊದಲೇ ಮುಗಿಯಿತು ಅನ್ನುವುದನ್ನು ಗಮನಿಸಿ. ಈಗ ವಾರಕ್ಕೆ ಆರು ಕಂತು, ವರ್ಷಕ್ಕೆ ಮುನ್ನೂರರ ಮೇಲೆ. ಮುಗಿಸುವುದು ಯಾವಾಗ ಅಂತ ಬರೆಯುವವರಿಗೇ ಗೊತ್ತಿರುವುದಿಲ್ಲ, ಅದು ಗುರುವಾರ ತೀರ್ಮಾನವಾಗುತ್ತದೆ. ಟಿಆರ್‌ಪಿ, ಅಂದರೆ ಎಷ್ಟು ಮಂದಿ ನೋಡಿದರು ಅನ್ನುವ ಅಂಕಿ, ಬರುವುದು ಗುರುವಾರ. ದೇಶದ ತುಂಬ 50,000ಕ್ಕೂ ಹೆಚ್ಚು ಮನೆಗಳಲ್ಲಿ ಟಿವಿಗೆ ಒಂದು ಪೆಟ್ಟಿಗೆ ಕೂಡಿಸಿರುತ್ತಾರೆ. ಚಾನೆಲ್ಲಿನ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳದ ಒಂದು ಗುರುತು ಇರುತ್ತದೆ, ಆ ಪೆಟ್ಟಿಗೆ ಅದನ್ನು ಹಿಡಿಯುತ್ತದೆ. ಯಾರು ನೋಡುತ್ತಿದ್ದಾರೆ ಅಂತ ಮನೆಯವರು ಗುಂಡಿ ಒತ್ತಿ ತಿಳಿಸಬೇಕು. ಅಂಕಿ ಇಳಿದರೆ ಮುಂದಿನ ವಾರ ಅಪಘಾತ, ಅವಳಿ ಜವಳಿ, ನೆನಪು ಹೋಗುವುದು. ಗಟ್ಟಿ ಪಾತ್ರದ ಸ್ವಭಾವ ರಾತ್ರೋರಾತ್ರಿ ತಿರುಗಿತು ಅಂದರೆ ಗುರುವಾರದ ಕಾಗದ ಚೆನ್ನಾಗಿರಲಿಲ್ಲ ಅಂತ ತಿಳಿಯಿರಿ. ಇದೂ ಬದಲಾವಣೆಯೇ ಅಲ್ಲವೇ ಅಂದೀರಿ. ಅಲ್ಲ. ಪಾತ್ರದ ಒಳಗಿನಿಂದ ಬಂದದ್ದೇ ಬದಲಾವಣೆ, ಲಾರಿ ಬಂದು ಗುದ್ದಿದ್ದು ಅಪಘಾತ.

ಇನ್ನೊಂದು ಪರೀಕ್ಷೆ ರೇಡಿಯೊ ಕೇಳುವವರಿಗೆ ಸುಲಭ. ಐದು ನಿಮಿಷ ಟಿವಿಗೆ ಬೆನ್ನು ಮಾಡಿ ಬರೇ ಕೇಳಿ. ಆಮೇಲೆ ಐದು ನಿಮಿಷ ಧ್ವನಿ ಬಂದ್ ಮಾಡಿ ಬರೇ ನೋಡಿ. ನಮ್ಮ ಧಾರಾವಾಹಿಗಳು ಮೊದಲನೇದರಲ್ಲಿ ಪಾಸು, ಎರಡನೇದರಲ್ಲಿ ನಪಾಸು. “ಅಯ್ಯೋ, ಮೆಟ್ಟಿಲ ಮೇಲೆ ಎಣ್ಣೆ ಚೆಲ್ಲಿದೆ, ಅವಳು ಇಳಿದು ಬರುತ್ತಿದ್ದಾಳೆ” ಅಂತ ಕಣ್ಣಿಗೆ ಕಂಡದ್ದನ್ನೇ ಬಾಯಿಂದ ಹೇಳುತ್ತಾರೆ. ವಿಮರ್ಶಕರು ಇದನ್ನು ನೋಡಿ ಹಣೆ ಚಚ್ಚಿಕೊಳ್ಳುತ್ತಾರೆ. ನಾನು ಚಚ್ಚಿಕೊಳ್ಳುವುದಿಲ್ಲ. ಟಿವಿ ಪಡಸಾಲೆಯಲ್ಲಿದೆ, ನೀವು ಅಡಿಗೆ ಮನೆಯಲ್ಲಿದ್ದೀರಿ, ಕೈಗೆ ಹಿಟ್ಟು ಹತ್ತಿದೆ. ಬರೆಯುವವರಿಗೆ ಅದು ಗೊತ್ತು. ಇದು ಅವರ ಕಸಬುದಾರಿಕೆ, ನಿಮ್ಮ ಮೇಲಿನ ಮರ್ಯಾದೆ.

ಹಿಟ್ಟಿನ ಮಾತು ಬಂತು, ಅಲ್ಲೊಂದು ತಕರಾರಿದೆ. ಈಚೆಗೆ ನಮ್ಮ ಸೀಮೆಯ ಮನೆತನವನ್ನೇ ಕಥೆ ಮಾಡಿದ ಧಾರಾವಾಹಿಗಳು ಬಂದಿವೆ, ಸಂತೋಷ. ಮೊದಲೆಲ್ಲ ನಮ್ಮ ಮಾತು ಬರೇ ಅಡಿಗೆಯವರಿಗೆ, ರೌಡಿಗಳಿಗೆ ಇತ್ತು. ಆದರೆ ಆ ನಾಯಕಿ ರೊಟ್ಟಿ ಮಾಡುವುದನ್ನು ನೋಡಿ. ಸ್ಟೀಲ್ ಲೋಟದಿಂದ ತಣ್ಣೀರು ಸುರಿಯುತ್ತಾಳೆ. ಬಿಳಿಜೋಳದ ಹಿಟ್ಟಿಗೆ ಕುದಿಯುವ ಎಸರು ಬೀಳದಿದ್ದರೆ ಜಿಗಿ ಎಲ್ಲಿಂದ ಬರಬೇಕು? ಜಿಗಿ ಇಲ್ಲದ ಹಿಟ್ಟು ಬಡಿಯುವಾಗಲೇ ಅಂಚಿನಲ್ಲಿ ಸೀಳುತ್ತದೆ. ಹಂಚಿನ ಮೇಲೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ನೀರು ಸವರಬೇಕು, ಆ ನೀರು ಪೂರಾ ಆರುವ ಮೊದಲು ತಿರುವಿ ಹಾಕಬೇಕು. ಆ ಮಗಳು ಏನನ್ನೂ ಸವರುವುದಿಲ್ಲ, ಆದರೂ ಮುಂದಿನ ದೃಶ್ಯದಲ್ಲಿ ಬುಟ್ಟಿ ತುಂಬ ಉಬ್ಬಿದ ರೊಟ್ಟಿ. ಮಾತೂ ಹಾಗೇ. ಎಲ್ಲದಕ್ಕೂ ‘ರೀ’ ಹಚ್ಚಿದರೆ ಧಾರವಾಡ ಆಯಿತು ಅಂತ ಅವರ ತಿಳಿವಳಿಕೆ. ತಾಯಿ ಐದು ವರ್ಷದ ಮಗನಿಗೆ “ಬರ್ರಿ, ಕುಂದರ್ರಿ” ಅನ್ನುತ್ತಾಳೆ! ಮನೆಯಿಂದ ಹೊರಡುವ ಸೊಸೆ “ಹೋಗ್ತೀನ್ರಿ” ಅನ್ನುತ್ತಾಳೆ. ನಮ್ಮಲ್ಲಿ ಯಾರಾದರೂ ಹಾಗೆ ಅಂದಾರೇ? “ಬರ್ತೇನ್ರಿ” ಅನ್ನಬೇಕು. ಹೋಗ್ತೇನಿ ಅಂದರೆ ಒಳಗಿನಿಂದ ಅಜ್ಜಿ ಬೈಯುತ್ತಾರೆ. ಎಷ್ಟೋ ಮನೆಗಳಲ್ಲಿ ಅಣ್ಣನ ಹೆಂಡತಿ ವೈನಿ, ಟಿವಿಯೊಳಗೆ ಎಲ್ಲರೂ ಅತ್ತಿಗೆ. ಊರಿನ ಒಬ್ಬ ಹಿರಿಯ ಹೆಣ್ಣುಮಗಳನ್ನು ಸೆಟ್ಟಿನಲ್ಲಿ ಕೂಡಿಸಿಕೊಂಡರೆ ಒಂದು ದಿನದ ಕೆಲಸ ಇದು.

ಗಾಜಿನ ಆಚೆಯಿಂದ ಕೈಸನ್ನೆ ಆಗುತ್ತಿದೆ. ಮೊಬೈಲಿನಲ್ಲಿ ಬರುವ ವೆಬ್ ಸರಣಿಗಳ ಬಗ್ಗೆ ಹೇಳುವುದು ಬಹಳ ಇತ್ತು, ಎರಡು ಮಾತಿನಲ್ಲಿ ಮುಗಿಸುತ್ತೇನೆ. ಅವು ಎಂಟು ಕಂತು ಇದ್ದರೆ ಮೊದಲನೇದು, ಕೊನೇದು ನೋಡಿ ತೀರ್ಪು ಕೊಡಬೇಡಿ, ಅವೆರಡೂ ಯಾವಾಗಲೂ ಚೆನ್ನಾಗೇ ಇರುತ್ತವೆ. ನಾಲ್ಕು, ಐದನೇ ಕಂತಿಗೆ ಪ್ರಶ್ನೆ ಕೇಳಿ. ಎರಡು ತಾಸಿನ ಸಿನಿಮಾದ ಕಥೆಯನ್ನು ಆರು ತಾಸು ಜಗ್ಗಿದ್ದರೆ ಅದು ಅಲ್ಲೇ ಸಡಿಲುಬೀಳುತ್ತದೆ. ಪೋಲೀಸ್ ಅಧಿಕಾರಿಯ ಹಳೆಯ ನೋವಿನ ನೆನಪು ಮೂರನೇ ಸಲ ಬಂದರೆ ಮುಂದಿನದಕ್ಕೆ ಹೋಗಿಬಿಡಿ, ಏನೂ ತಪ್ಪಿಸಿಕೊಳ್ಳುವುದಿಲ್ಲ.

ಇವತ್ತು ಸಂಜೆ ಕ್ಯಾಲೆಂಡರಿನ ಹತ್ತಿರ ಪೆನ್ಸಿಲ್ ಕಟ್ಟಿಡಿ. ಹುಡುಗರು ಒಯ್ಯುತ್ತಾರೆ, ದಾರ ಗಟ್ಟಿಯಿರಲಿ. ಬರ್ತೇನ್ರಿ, ನಮಸ್ಕಾರ.