ಬಾರ್ಡರ್ ಅಂದರೆ ಏನೂ ಇಲ್ಲ ಅಂತಲ್ಲ

ಎಲ್ಲರಿಗೂ ನಮಸ್ಕಾರ.

ಭಾನುವಾರ ಬೆಳಿಗ್ಗೆ, ಅದೂ ಬಸವನಗುಡಿಯಲ್ಲಿ, ದೋಸೆಗೆ ಕಾಯುವ ಸಾಲು ಬಿಟ್ಟು ಇಷ್ಟು ಜನ ಇಲ್ಲಿ ಬಂದು ಕೂತಿದ್ದೀರಿ. ತುಂಬಾ ಸಂತೋಷ.

ಮೊನ್ನೆ ನವೆಂಬರ್ 14 ಆಯಿತು. ಶಾಲೆಗಳಲ್ಲಿ ಮಕ್ಕಳ ದಿನಾಚರಣೆ. ವಿಶ್ವ ಮಧುಮೇಹ ದಿನವೂ ಅವತ್ತೇ, ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ ಅದು. ನಾನು ಪ್ರಾಕ್ಟೀಸ್ ಶುರು ಮಾಡಿದ ಕಾಲದಲ್ಲಿ ಮಕ್ಕಳಿಗೂ ಈ ಕಾಯಿಲೆಗೂ ಏನು ಸಂಬಂಧ ಅನ್ನಿಸುತ್ತಿತ್ತು. ಆಗ ಶುಗರ್‌ಗೆ ಅಂತ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂರುತ್ತಿದ್ದವರು ಹೆಚ್ಚಾಗಿ ರಿಟೈರ್ ಆದವರು. ಈಗ ಅದೇ ಬೆಂಚಿನ ಮೇಲೆ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೊರಳಿಗೆ ಐಡಿ ಕಾರ್ಡು ಹಾಕಿಕೊಂಡ ಮಕ್ಕಳು ಕೂತಿರುತ್ತಾರೆ. ನನಗೆ ಅವರು ಮಕ್ಕಳೇ.

ಒಬ್ಬ ತಾಯಿಯ ವಿಷಯ ಹೇಳಬೇಕು. ಮೊದಲೇ ಕೇಳಿದವರು ಇದ್ದರೆ ಇನ್ನೊಂದು ಸಲ ಕೇಳಿ. ಅವರು ಬಂದಿದ್ದು ತಮ್ಮ ಬಿ.ಪಿ. ತೋರಿಸುವುದಕ್ಕೆ. ಸ್ಕೂಟರ್‌ನಲ್ಲಿ ಕರೆತಂದ ಮಗ ಪಕ್ಕದಲ್ಲಿ ನಿಂತಿದ್ದ. ಇಪ್ಪತ್ತೊಂದು ವಯಸ್ಸು, ಇಂಜಿನಿಯರಿಂಗ್ ಕೊನೆಯ ವರ್ಷ, ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ಔಷಧಿ ಚೀಟಿ ಕೆಳಗೆ ಬಿತ್ತು, ಎತ್ತಿಕೊಳ್ಳೋಕೆ ಬಗ್ಗಿದ. ಆಗ ಅವನ ಕುತ್ತಿಗೆಯ ಹಿಂಭಾಗ ಕಾಣಿಸಿತು. ಮಡಿಕೆ ಮಡಿಕೆಯಾಗಿ ಕಪ್ಪು, ವೆಲ್ವೆಟ್ ಬಟ್ಟೆಯ ಹಾಗೆ ದಪ್ಪಗಾದ ಚರ್ಮ. ಅದರ ಅಂಚಿನಲ್ಲಿ ಕೆಂಪಗೆ ತರಚಿದ ಗಾಯ.

‘ಇದೇನಮ್ಮಾ?’ ಅಂದೆ.

‘ಅಯ್ಯೋ ಡಾಕ್ಟ್ರೇ, ಇವನು ನೆಟ್ಟಗೆ ಸ್ನಾನ ಮಾಡಲ್ಲ. ಎರಡು ವರ್ಷದಿಂದ ಪ್ರತಿ ಭಾನುವಾರ ನಾನೇ ಕೂರಿಸಿಕೊಂಡು ಕಡಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜುತ್ತೀನಿ. ಏನು ಮಾಡಿದರೂ ಹೋಗಲ್ಲ.’

ಹುಡುಗ ತಲೆ ಎತ್ತಲಿಲ್ಲ. ಕಾಲೇಜಿನಲ್ಲಿ ಎಷ್ಟು ಜನ ಆಡಿಕೊಂಡಿದ್ದರೋ. ಟೀ ಶರ್ಟ್ ಬಿಟ್ಟು ಕಾಲರ್ ಇರುವ ಅಂಗಿ ಮಾತ್ರ ಹಾಕುತ್ತಿದ್ದನಂತೆ. ನಾನು ಆ ತಾಯಿಯ ಕೈ ಹಿಡಿದು ಹೇಳಿದೆ: ‘ಅಮ್ಮಾ, ಇದು ಕೊಳೆ ಅಲ್ಲ, ಉಜ್ಜಬೇಡಿ.’

ಅದು ಒಳಗಿನಿಂದ ಬಂದ ಸೂಚನೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಇನ್ಸುಲಿನ್ ಅನ್ನುವ ಹಾರ್ಮೋನು. ನಮ್ಮ ಮಾಂಸಖಂಡ, ಪಿತ್ತಜನಕಾಂಗ ಅದರ ಮಾತು ಕೇಳುವುದು ಕಡಿಮೆ ಮಾಡುತ್ತವೆ. ಒಂದು ಸಲ ಕರೆದರೆ ಓಗೊಡುತ್ತಿದ್ದವರು ಹತ್ತು ಸಲ ಕೂಗಿದರೂ ಏಳದ ಹಾಗೆ. ಮೇದೋಜೀರಕ ಗ್ರಂಥಿ ಪಾಪ ಇನ್ನಷ್ಟು, ಮತ್ತಷ್ಟು ಇನ್ಸುಲಿನ್ ಸುರಿಯುತ್ತದೆ. ಆ ಹೆಚ್ಚಾದ ಇನ್ಸುಲಿನ್ನಿಗೆ ಚರ್ಮದ ಜೀವಕೋಶಗಳು ಬೇಕಿಲ್ಲದಷ್ಟು ಬೆಳೆಯುತ್ತವೆ. ಕುತ್ತಿಗೆ, ಕಂಕುಳು ಕಪ್ಪಾಗುತ್ತವೆ. ರಕ್ತದಲ್ಲಿ ಸಕ್ಕರೆ ಏರುವುದಕ್ಕೆ ಎಷ್ಟೋ ಮೊದಲೇ ಇದು ಕಾಣಿಸಿಕೊಳ್ಳಬಹುದು.

ಪರೀಕ್ಷೆ ಮಾಡಿಸಿದೆವು. ಖಾಲಿ ಹೊಟ್ಟೆಯಲ್ಲಿ 118. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.2. ರಿಪೋರ್ಟ್ ನೋಡಿ ಆ ತಾಯಿ ಎದೆ ಮೇಲೆ ಕೈ ಇಟ್ಟುಕೊಂಡು, ‘ಅಬ್ಬಾ, ಬಾರ್ಡರ್ ಅಷ್ಟೇ ತಾನೇ’ ಅಂದರು.

ಈ ಮಾತಿಗೋಸ್ಕರವೇ ನಾನು ಇವತ್ತು ಬಂದಿದ್ದು. ಬಾರ್ಡರ್! ನಮ್ಮ ಮನೆಗಳಲ್ಲಿ ಬಾರ್ಡರ್ ಅಂದರೆ ಏನೂ ಇಲ್ಲ ಅಂತ ಅರ್ಥ. ರಿಪೋರ್ಟ್ ಮಡಚಿ ಬೀರುವಿನಲ್ಲಿಟ್ಟರೆ ಮುಗಿಯಿತು. ಖಾಲಿ ಹೊಟ್ಟೆಯ ಸಕ್ಕರೆ 126ಕ್ಕೆ, ಎಚ್‌ಬಿಎ1ಸಿ 6.5ಕ್ಕೆ ಮುಟ್ಟಿದರೆ ಕಾಯಿಲೆ. 100ರಿಂದ 125, 5.7ರಿಂದ 6.4, ಇದು ಬಾರ್ಡರ್. ಚೆನ್ನೈನಲ್ಲಿ ಬಾರ್ಡರ್‌ನಲ್ಲಿದ್ದ 531 ಜನರನ್ನು ಸುಮಾರು ಮೂರು ವರ್ಷ ನೋಡಿಕೊಂಡರು, 2006ರಲ್ಲಿ ಅದು ಪ್ರಕಟವಾಯಿತು. ಮಾಮೂಲಿ ಸಲಹೆ ಕೊಟ್ಟು ಬಿಟ್ಟವರಲ್ಲಿ ನೂರಕ್ಕೆ 55 ಮಂದಿ ಅಷ್ಟರಲ್ಲೇ ಸಕ್ಕರೆ ಕಾಯಿಲೆಗೆ ದಾಟಿದ್ದರು. ಊಟ ತಿದ್ದಿಕೊಂಡು ನಡೆದವರಲ್ಲಿ 39. ಆ ಹದಿನಾರು ಜನ ಇದ್ದಾರಲ್ಲ, ಅವರು ಯಾರದೋ ಮನೆ ಮಕ್ಕಳು ಸ್ವಾಮಿ. ಬಾರ್ಡರ್ ಅಂದರೆ ಹಿಂದಕ್ಕೆ ಬರೋಕೆ ದಾರಿ ಇನ್ನೂ ತೆರೆದಿದೆ ಅಂತ.

2023ರಲ್ಲಿ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಹೇಳಿದ್ದು ನಿಮಗೆ ಗೊತ್ತಿರುತ್ತದೆ. ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 13.6 ಕೋಟಿ ಜನ ಬಾರ್ಡರ್‌ನಲ್ಲಿ. ನನ್ನ ಕಣ್ಣು ಇರುವುದು ಆ ಎರಡನೆಯ ಸಂಖ್ಯೆಯ ಮೇಲೆ.

‘ನಾನು ಸ್ವೀಟ್ ಮುಟ್ಟೋದೇ ಇಲ್ಲ ಡಾಕ್ಟ್ರೇ’ ಅಂತ ಎಷ್ಟು ಹುಡುಗರು ಹೇಳುತ್ತಾರೆ! ಒಂದು ಲೆಕ್ಕ ಕೇಳಿ. ದೇಹದಲ್ಲಿ ಸುಮಾರು ಐದು ಲೀಟರ್ ರಕ್ತ. ಸಕ್ಕರೆ ಸರಿಯಾಗಿದ್ದಾಗ ಅಷ್ಟೂ ರಕ್ತದಲ್ಲಿ ಇರುವ ಗ್ಲುಕೋಸ್ ಐದು ಗ್ರಾಂ, ಅಂದರೆ ಒಂದು ಟೀ ಚಮಚ. ಆ ಒಂದು ಚಮಚವನ್ನು ಹೆಚ್ಚೂಕಮ್ಮಿ ಆಗದ ಹಾಗೆ ದೇಹ ಹಗಲೂ ರಾತ್ರಿ ಕಾಯುತ್ತದೆ. 300 ಎಂ.ಎಲ್. ಕೋಲಾದಲ್ಲಿ ಆರು ಚಮಚ ಸಕ್ಕರೆ. ಸರಿ, ಕೋಲಾ ಬಿಟ್ಟಿರಿ. ಒಂದು ಬಟ್ಟಲು ಅನ್ನ, 150 ಗ್ರಾಂ ಅಂದುಕೊಳ್ಳಿ, ಅದರಲ್ಲಿ 40 ಗ್ರಾಂ ಪಿಷ್ಟ. ಹೊಟ್ಟೆಗೆ ಹೋದ ಮೇಲೆ ಅದೂ ಗ್ಲುಕೋಸೇ. ನಾವು ತಿನ್ನುವುದು ಒಂದು ಬಟ್ಟಲೇ? ಸಾರನ್ನ, ಹುಳಿಯನ್ನ, ಮೊಸರನ್ನ. ಮೂರು ಅನ್ನಕ್ಕೆ ಪಲ್ಯ ಒಂದೇ ಸೌಟು, ಅದೂ ತಟ್ಟೆಯ ಮೂಲೆಯಲ್ಲಿ.

ಅನ್ನ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಮದುವೆ ಊಟದ ಎಲೆ ನೆನಪು ಮಾಡಿಕೊಳ್ಳಿ. ತುದಿಗೆ ಒಂದು ಚಮಚ ಪಾಯಸ ಬಡಿಸಿ, ಆಮೇಲೆ ಕೋಸಂಬರಿ, ಪಲ್ಯಗಳು, ಗೊಜ್ಜು. ಅನ್ನ ಬರುವುದು ಕೊನೆಗೆ. ನಾವು ಏನು ಮಾಡುತ್ತೇವೆ? ಅನ್ನ ಬರುವ ತನಕ ಕೈಕಟ್ಟಿ ಕೂತು, ಬಂದ ಮೇಲೆ ಅನ್ನಕ್ಕೆ ನಂಚಿಕೊಳ್ಳಲು ಪಲ್ಯ ಮುಟ್ಟುತ್ತೇವೆ. ಬಡಿಸಿದ ಕ್ರಮದಲ್ಲೇ ತಿನ್ನಿ. ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ ಮೊದಲು ಹೊಟ್ಟೆಗೆ ಹೋದರೆ ಆಮೇಲೆ ಬಂದ ಅನ್ನ ನಿಧಾನಕ್ಕೆ ರಕ್ತ ಸೇರುತ್ತದೆ. ನಾರು, ಬೇಳೆಯ ಪ್ರೋಟೀನು ಮೊದಲು, ಪಿಷ್ಟ ಆಮೇಲೆ. ಹೀಗೆ ತಿಂದಾಗ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ ಅನ್ನುವುದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಪಲ್ಯ ಒಂದು ಸೌಟಿದ್ದದ್ದು ಮೂರಾಗಲಿ, ಅನ್ನ ಮೂರಿದ್ದದ್ದು ಒಂದೂವರೆಗೆ ಇಳಿಯಲಿ. ಮೂಲೆಯಲ್ಲಿರುವ ಪಲ್ಯ ತಟ್ಟೆಯ ನಡುವಿಗೆ ಬರಲಿ.

ರಾಗಿ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಮುದ್ದೆ ಬಸ್ಸಾರು ಒಳ್ಳೆಯ ಊಟ, ಸೊಪ್ಪು ಕಾಳು ಎರಡೂ ಇದೆ. ಆದರೆ ನುಣ್ಣಗೆ ಹಿಟ್ಟು ಮಾಡಿ, ಬೆಲ್ಲ ಹಾಕಿ ಕುಡಿದ ರಾಗಿ ಮಾಲ್ಟ್ ಬೇಗ ಸಕ್ಕರೆ ಏರಿಸುತ್ತದೆ. ರಾಗಿ ಅಂದ ಮಾತ್ರಕ್ಕೆ ಔಷಧಿ ಅಲ್ಲ, ಜೊತೆಗೆ ಏನಿದೆ ನೋಡಬೇಕು. ಮುದ್ದೆಗೂ ಪಲ್ಯ ಬೇಕು!

ಚೀಟಿ ಕಳಿಸಿದ್ದಾರೆ, ಹತ್ತೇ ನಿಮಿಷ ಅಂತೆ. ಹಾಗಾದರೆ ಬೇಗ ಹೇಳಿಬಿಡುತ್ತೇನೆ.

ಆ ಹುಡುಗನ ಕಥೆ ಪೂರ್ತಿ ಮಾಡಬೇಕು. ಅವನು ಮಾಡಿದ್ದು ಎರಡೇ. ರಾತ್ರಿ ಹನ್ನೊಂದಕ್ಕೆ ಆರ್ಡರ್ ಮಾಡುತ್ತಿದ್ದ ಫ್ರೈಡ್ ರೈಸ್ ಬಿಟ್ಟ. ಎಂಟಕ್ಕೆ ಅಮ್ಮನ ಜೊತೆ ಊಟ ಮಾಡಿ, ಇಬ್ಬರೂ ಮನೆ ಹತ್ತಿರದ ಪಾರ್ಕ್ ಸುತ್ತುತ್ತಾರೆ, ಇಪ್ಪತ್ತು ನಿಮಿಷ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್ನಿಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತವೆ. ಎಂಟು ತಿಂಗಳಿಗೆ 6.2 ಇದ್ದದ್ದು 5.8 ಆಗಿದೆ. ಇನ್ನೂ ಬಾರ್ಡರ್ರೇ. ಕುತ್ತಿಗೆ ಪೂರ್ತಿ ತಿಳಿಯಾಗಿಲ್ಲ. ಆದರೆ ಹೋದ ತಿಂಗಳು ಟೀ ಶರ್ಟ್ ಹಾಕಿಕೊಂಡು ಬಂದಿದ್ದ.

ನಿದ್ದೆ. ರಾತ್ರಿ ಪಾಳಿಯವರಿಗೆ ಇದೇ ದೊಡ್ಡ ಕಷ್ಟ. ನಿದ್ದೆಗೆಟ್ಟರೆ ಇನ್ಸುಲಿನ್ ಕೆಲಸ ಮಾಡುವುದು ಮಂದವಾಗುತ್ತದೆ. ಪಾಳಿ ಬಿಡಿ ಅನ್ನುವ ಅಧಿಕಾರ ನನಗಿಲ್ಲ, ನಡುರಾತ್ರಿಯ ಪಫ್ಸ್, ಬಿಸ್ಕತ್ತಿನ ಬದಲು ಹುರಿಗಡಲೆ ಇಟ್ಟುಕೊಳ್ಳಿ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಟೇಪು ಹೊಕ್ಕುಳಿನ ಮಟ್ಟಕ್ಕೆ ಹಿಡಿದು ನೋಡಿ, ಪ್ಯಾಂಟಿನ ಸೈಜು ಹೇಳಬೇಡಿ.

ಇನ್ನೊಂದು, ಇದನ್ನು ಗಟ್ಟಿಯಾಗಿ ಹೇಳಬೇಕು. ಟೈಪ್ 1 ಅಂತ ಬೇರೆಯೇ ಸಕ್ಕರೆ ಕಾಯಿಲೆ ಇದೆ, ಅದರಲ್ಲಿ ದೇಹ ಇನ್ಸುಲಿನ್ ತಯಾರಿಸುವುದೇ ಹೆಚ್ಚೂಕಮ್ಮಿ ನಿಂತುಹೋಗುತ್ತದೆ. ಅದು ತಿಂದು ಬಂದದ್ದಲ್ಲ, ಆ ಮಕ್ಕಳ ತಪ್ಪೂ ಅಲ್ಲ, ತಾಯಂದಿರ ತಪ್ಪೂ ಅಲ್ಲ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಇನ್ಸುಲಿನ್ ಚುಚ್ಚಿಸಿಕೊಂಡವನು 14 ವರ್ಷದ ಹುಡುಗ, ಅದರಿಂದಲೇ ಬದುಕಿದ. ಯಾರೋ ಕಷಾಯ ಹೇಳಿದರು ಅಂತ ಮಗುವಿನ ಇನ್ಸುಲಿನ್ ನಿಲ್ಲಿಸಬೇಡಿ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಹಣ್ಣಿನ ಜ್ಯೂಸ್, ಉಪವಾಸ, ವ್ಯಾಯಾಮ ಅಂತ ಬರೆದುಕೊಂಡು ಬಂದಿದ್ದೆ, ಸಮಯ ಇಲ್ಲ. ಪ್ರಶ್ನೆಯಲ್ಲಿ ಕೇಳಿ. ಹೊರಗೆ ಪರಿಷೆಗೆ ಕಡಲೆಕಾಯಿ ಬರೋಕೆ ಶುರುವಾಗಿದೆ, ಬೇಯಿಸಿದ್ದು ಒಂದು ಹಿಡಿ ತಿನ್ನಿ, ಧೈರ್ಯವಾಗಿ.

ಬಾಗಿಲ ಹತ್ತಿರ ನಮ್ಮ ಹುಡುಗಿಯರು ಗ್ಲುಕೋಮೀಟರ್ ಇಟ್ಟುಕೊಂಡು ಕೂತಿದ್ದಾರೆ. ಏನು ತಿಂದಿರಿ, ಎಷ್ಟು ಹೊತ್ತಾಯಿತು ಅಂತ ಅವರಿಗೆ ಹೇಳಿ. 140 ದಾಟಿದ್ದರೆ ಇನ್ನೊಂದು ದಿನ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ರಕ್ತ ಕೊಡಿ. ಇಂಥ ಕಡೆ ಯಾವಾಗಲೂ ಹಿರಿಯರೇ ಮೊದಲು ನಿಲ್ಲುತ್ತಾರೆ, ಹುಡುಗರು ಫೋನ್ ನೋಡಿಕೊಂಡು ಹೊರಗೆ ಕಾಯುತ್ತಾರೆ. ಇವತ್ತು ಹಿರಿಯರು ದಯವಿಟ್ಟು ಕೂತಿರಿ. ಮೂವತ್ತರ ಒಳಗಿನವರು ಏಳಿ. ಹಿಂದಿನ ಸಾಲಿನಲ್ಲಿ ಹೆಲ್ಮೆಟ್ ಇಟ್ಟುಕೊಂಡಿದ್ದೀರಲ್ಲ, ನಿಮ್ಮಿಂದಲೇ ಶುರುವಾಗಲಿ ಬನ್ನಿ.