‘ನಾನು ಕೆಲಸ ಮಾಡಬಲ್ಲೆ’

ಕೇಳುಗರಿಗೆ ನಮಸ್ಕಾರ.

ಪೋಲೆಂಡಿನ ಕಿಯೆಲ್ಟ್ಸೆ ಎಂಬ ಊರು. ಎರಡನೇ ಮಹಾಯುದ್ಧ ನಡೆಯುತ್ತಿದೆ. ನಾಜಿಗಳು ಯಹೂದಿ ಹೆತ್ತವರ ಕೈಯಿಂದ ಮಕ್ಕಳನ್ನು ಕಿತ್ತು ಬೇರೆ ನಿಲ್ಲಿಸುತ್ತಿದ್ದಾರೆ. ಆ ಗುಂಪಿಗೆ ಸೇರಿದ ಮಗು ಮತ್ತೆ ಬರುವುದಿಲ್ಲ. ಆಗ ಪುಟ್ಟ ಹುಡುಗನೊಬ್ಬ ಅಧಿಕಾರಿಯ ಎದುರಿಗೇ ಹೋಗಿ ನಿಂತು, ಜರ್ಮನ್ ಭಾಷೆಯಲ್ಲಿ, ‘ನಾನು ಕೆಲಸ ಮಾಡಬಲ್ಲೆ’ ಅಂದ. ಅಧಿಕಾರಿ ಅವನನ್ನು ಅಪ್ಪ ಅಮ್ಮನ ಬಳಿಗೆ ವಾಪಸು ಕಳಿಸಿದ.

ಆ ಹುಡುಗ ಥಾಮಸ್ ಬರ್ಗೆಂತಾಲ್. ಹುಟ್ಟಿದ್ದು 1934ರಲ್ಲಿ, ಚೆಕೊಸ್ಲೊವಾಕಿಯಾದಲ್ಲಿ. ತಾಯಿ ಜರ್ಮನಿಯವರಾದ್ದರಿಂದ ಆ ಭಾಷೆ ಅವನಿಗೆ ಮನೆಮಾತು.

1944ರ ಆಗಸ್ಟಿನಲ್ಲಿ ಮೂವರನ್ನೂ ಆಶ್ವಿಟ್ಜ್ ಎಂಬ ನಾಜಿ ಶಿಬಿರಕ್ಕೆ ಸಾಗಿಸಿದರು. ಬಂದಿಳಿದವರಲ್ಲಿ ಮಕ್ಕಳನ್ನೂ ಮುದುಕರನ್ನೂ ಆರಿಸಿ ಕೊಲ್ಲಲು ಕಳಿಸುವುದು ಅಲ್ಲಿನ ದಿನಚರಿ. ಅಂದು ಆ ರೈಲಿಗೆ ಆಯ್ಕೆ ನಡೆಯಲಿಲ್ಲ. ಹತ್ತು ವರ್ಷದವನ ತೋಳಿನ ಮೇಲೆ ಸಂಖ್ಯೆ ಹಚ್ಚೆ ಹಾಕಿದರು. ಮೊದಲು ಅಮ್ಮ ಬೇರೆಯಾದಳು, ಆಮೇಲೆ ಅಪ್ಪ.

ಮರುವರ್ಷ ಜನವರಿಯಲ್ಲಿ ಕೈದಿಗಳನ್ನು ಹಿಮದಲ್ಲಿ ನಡೆಸಿ, ಬಳಿಕ ಮೇಲ್ಛಾವಣಿ ಇಲ್ಲದ ರೈಲು ಡಬ್ಬಿಗಳಲ್ಲಿ ತುಂಬಿದರು. ಚೆಕ್ ನೆಲ ಹಾಯುವಾಗ ಜನ ಸೇತುವೆಗಳ ಮೇಲೆ ನಿಂತು ಕೆಳಗೆ ಬ್ರೆಡ್ ಎಸೆದರು. ಆ ಕೈಗಳು ಯಾರವೋ! ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಸಾಕ್ಸನ್‌ಹೌಸನ್ ಶಿಬಿರ ತಲುಪುವಷ್ಟರಲ್ಲಿ ಅವನ ಕಾಲು ಹಿಮಕ್ಕೆ ಕೊಳೆತಿತ್ತು. ಎರಡು ಬೆರಳು ಕತ್ತರಿಸಬೇಕಾಯಿತು. ಓಡ್ ನಾನ್ಸೆನ್ ಎಂಬ ನಾರ್ವೆಯ ಕೈದಿ ತನಗೆ ಬಂದ ತಿಂಡಿ ತಂದು ಈ ಹುಡುಗನನ್ನು ಪೊರೆದರು.

ಯುದ್ಧ ಮುಗಿಯಿತು. ಅಪ್ಪ ಬದುಕಿರಲಿಲ್ಲ. ಥಾಮಸ್ ಪೋಲೆಂಡಿನ ಓಟ್ವೊಟ್ಸ್ಕ್ ಊರಿನ ಅನಾಥಾಲಯ ಸೇರಿದ. ಅತ್ತ ಅಮ್ಮ ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ, ‘ನನ್ನ ಮಗ ಇದ್ದಾನೆ’ ಎಂದು ಹುಡುಕುತ್ತಲೇ ಇದ್ದರು. ಒಂದೂವರೆ ವರ್ಷಕ್ಕೂ ಮೇಲೆ. ಕೊನೆಗೆ ಹುಡುಕಲಾಗುತ್ತಿದ್ದವರ ಪಟ್ಟಿಯ ಹೆಸರೂ ಅನಾಥಾಲಯದ ಮಕ್ಕಳ ಪಟ್ಟಿಯ ಹೆಸರೂ ತಾಳೆಯಾಯಿತು. 1946ರ ಡಿಸೆಂಬರಿನಲ್ಲಿ ರೈಲ್ವೆ ನಿಲ್ದಾಣದಲ್ಲಿ ತಾಯಿ ಮಗ ಒಬ್ಬರನ್ನೊಬ್ಬರು ಕಂಡರು. ಅವನಿಗೆ ಹನ್ನೆರಡು ವರ್ಷ. ಶಾಲೆಯ ಮುಖ ಸರಿಯಾಗಿ ಕಂಡಿರಲಿಲ್ಲ.

ಅದೇ ಊರಿನಲ್ಲಿ, ಭಾನುವಾರ ಮಕ್ಕಳೊಂದಿಗೆ ಅಡ್ಡಾಡುವ ಜರ್ಮನರನ್ನು ಬಾಲ್ಕನಿಯಿಂದ ನೋಡುತ್ತ, ಒಂದು ಮೆಷಿನ್ ಗನ್ ಇದ್ದಿದ್ದರೆ ಎಂದು ಅವನು ಹಲ್ಲು ಕಚ್ಚುತ್ತಿದ್ದನಂತೆ. ಇದನ್ನು ಅವರೇ ಮುಂದೆ ಮುಚ್ಚಿಡದೆ ಹೇಳಿಕೊಂಡರು. ಆ ಸಿಟ್ಟು ಕರಗಲು ಕಾಲ ಹಿಡಿಯಿತು. ಹಿಡಿಯಲೇಬೇಕಿತ್ತು; ಬೇಗ ಕ್ಷಮಿಸಿಬಿಡು ಎಂದು ಅಂಥ ಮಗುವಿಗೆ ಹೇಳುವ ಹಕ್ಕು ಯಾರಿಗಿದೆ?

1951ರಲ್ಲಿ ಅಮೆರಿಕಕ್ಕೆ ಹೋದರು, ಕಾನೂನು ಓದಿದರು, ಪ್ರಾಧ್ಯಾಪಕರಾದರು. 1979ರಲ್ಲಿ ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯದ ಮೊದಲ ನ್ಯಾಯಾಧೀಶರಲ್ಲಿ ಒಬ್ಬರಾದರು. 2000ದಿಂದ ಹತ್ತು ವರ್ಷ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಕುಳಿತರು. 2023ರಲ್ಲಿ ತೀರಿಕೊಂಡರು.

ನನ್ನ ಮನಸ್ಸು ನಿಲ್ಲುವುದು ಮಾತ್ರ ಒಂದೇ ಮೊಕದ್ದಮೆಯ ಬಳಿ. ಮಧ್ಯ ಅಮೆರಿಕದ ಹೊಂಡುರಾಸ್ ದೇಶದಲ್ಲಿ 1981ರಲ್ಲಿ ಮಾನ್‌ಫ್ರೆಡೊ ವೆಲಾಸ್ಕೆಸ್ ಎಂಬ ವಿದ್ಯಾರ್ಥಿಯನ್ನು ಹಿಡಿದೊಯ್ದರು, ಹೆಣವೂ ಸಿಗಲಿಲ್ಲ. ವಿಚಾರಣೆಯ ನಡುವೆ ಸಾಕ್ಷಿಗಳೇ ಕೊಲೆಯಾದರು. 1988ರಲ್ಲಿ ಅಮೆರಿಕ ಖಂಡಗಳ ನ್ಯಾಯಾಲಯದ, ಬರ್ಗೆಂತಾಲ್ ಇದ್ದ ಪೀಠ ಹೊಂಡುರಾಸ್ ಸರ್ಕಾರವನ್ನೇ ಹೊಣೆ ಮಾಡಿತು. ಕಾಣೆಯಾದವನಿಗೆ ಏನಾಯಿತು ಎಂಬುದು ತಿಳಿಯುವವರೆಗೂ ತನಿಖೆ ಮಾಡುವ ಕರ್ತವ್ಯ ಮುಗಿಯುವುದಿಲ್ಲ, ಅವನು ಎಲ್ಲಿ ಎಂದು ಮನೆಯವರಿಗೆ ತಿಳಿಸಬೇಕು ಎಂದಿತು. ಆ ಪೀಠದಲ್ಲಿ ಕುಳಿತಿದ್ದವರಲ್ಲಿ ಒಬ್ಬರ ತಾಯಿ, ಒಂದು ಕಾಲಕ್ಕೆ, ಇದೇ ಪ್ರಶ್ನೆ ಹಿಡಿದು ಗ್ಯೋಟಿಂಗೆನ್‌ನಿಂದ ಪತ್ರ ಬರೆಯುತ್ತ ಕಾದಿದ್ದರು.

ನಮಸ್ಕಾರ.