ಹೊಳಿ ದಂಡೆ ಬಿಡದ ಮನೆಗಳು

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ ಭೀಮಾ ನದಿಯ ಉಜನಿ ಜಲಾಶಯದ ಗೇಟು ಎತ್ತಿದರೆ ಅಫಜಲಪುರದ ಸೊನ್ನ ಬ್ಯಾರೇಜಿನಲ್ಲಿ ನೀರು ಏರುತ್ತದೆ, ಆಮೇಲೆ ಜೇವರ್ಗಿ, ಚಿತ್ತಾಪುರ, ಯಾದಗಿರಿ. 2020ರ ಅಕ್ಟೋಬರಿನಲ್ಲಿ ಇಲ್ಲಿಯ ಮಳೆಯೂ ಕೂಡಿತ್ತು. ನೀರು ಇಳಿದ ಮೇಲೆ ಸರ್ವೆಗೆ ಬಂದವರು ಕೇಳುವುದು ಒಂದೇ: ಗೋಡೆ ಎಷ್ಟು ಬಿದ್ದಿದೆ? ಈ ಜಾಗಕ್ಕೆ ನೀರು ಮತ್ತೆ ಬರುತ್ತದೆಯೇ ಎಂಬುದಕ್ಕೆ ಪರಿಹಾರದ ಲೆಕ್ಕದಲ್ಲಿ ಜಾಗವಿಲ್ಲ. ಜನ ದಂಡೆಯಲ್ಲೇ ಯಾಕೆ ಉಳಿಯುತ್ತಾರೆ ಎಂಬುದರ ಉತ್ತರ ಬಹುಪಾಲು ಅಲ್ಲೇ ಇದೆ.

ಮನೆ ಮುಕ್ಕಾಲಿಗಿಂತ ಹೆಚ್ಚು ಬಿದ್ದರೆ ಎ ವರ್ಗ, ಶೇ 25ರಿಂದ 75 ಬಿ, ಶೇ 15ರಿಂದ 25 ಸಿ. 2019ರ ನೆರೆಗೆ ರಾಜ್ಯ ಸರ್ಕಾರ ಎ ವರ್ಗಕ್ಕೆ 5 ಲಕ್ಷ, ಸಿ ವರ್ಗಕ್ಕೆ 50 ಸಾವಿರ ಘೋಷಿಸಿತು. ಕೇಂದ್ರದ 2022–26ರ ಮಾನದಂಡದಲ್ಲಿ ಬಯಲುಸೀಮೆಯ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ, ಭಾಗಶಃ ಬಿದ್ದ ಕಚ್ಚಾ ಮನೆಗೆ 4 ಸಾವಿರ. ನಡುವಿನ ಅಂತರವನ್ನು ತುಂಬುವುದು ಆ ವರ್ಷದ ರಾಜಕೀಯ.

ಆದರೆ ಮಣ್ಣಿನ ಮಾಳಿಗೆ ಸರ್ವೆಯವರ ದಿನ ನೋಡಿ ಬೀಳುವುದಿಲ್ಲ. ನೀರು ನಿಂತಾಗ ಎರೆಮಣ್ಣು ಉಬ್ಬಿ ಪಾಯವನ್ನು ಎತ್ತುತ್ತದೆ, ಕಲ್ಲುಗಳ ನಡುವಿನ ಮಣ್ಣು ತೊಳೆದುಹೋಗುತ್ತದೆ. ಗೋಡೆ ಮಾತ್ರ ನಿಂತೇ ಇರುತ್ತದೆ. ಬಿಸಿಲು ಬಿದ್ದು ಎರೆ ಕುಗ್ಗಿದಾಗ ಮೂಲೆಯಲ್ಲಿ ಬಿರುಕು ಬಿಟ್ಟು, ಎರಡು-ಮೂರು ವಾರಕ್ಕೆ ಕುಸಿಯುತ್ತದೆ. ಅಷ್ಟರಲ್ಲಿ ಪಟ್ಟಿಯಲ್ಲಿ ಅದು ಸಿ ಆಗಿಬಿಟ್ಟಿರುತ್ತದೆ. ಆದ್ದರಿಂದ ಗೋಡೆಯ ಮೇಲಿನ ನೀರಿನ ಗುರುತಿನ ಫೋಟೊ ಮೊದಲ ದಿನವೇ ತೆಗೆದಿಡಿ, ಬಿರುಕು ಕಂಡ ದಿನವೇ ಮರುಸರ್ವೆಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಒಂದು ಮನೆಯಲ್ಲಿ ಅಣ್ಣತಮ್ಮಂದಿರ ಮೂರು ಒಲೆ ಇದ್ದರೂ ಮನೆ ನಂಬರ್ ಒಂದೇ ಆದರೆ ಪರಿಹಾರವೂ ಒಂದೇ. ಈ ಜಗಳ ನೆರೆಗಿಂತ ಹೆಚ್ಚು ದಿನ ಉಳಿಯುತ್ತದೆ.

ಹಣ ಒಮ್ಮೆಲೇ ಬರುವುದಿಲ್ಲ. ತಳಪಾಯ, ಲಿಂಟಲ್, ಛಾವಣಿ ಎಂದು ಹಂತಹಂತಕ್ಕೆ ಜಿಪಿಎಸ್ ಫೋಟೊ ಏರಿಸಿದ ಮೇಲೆ ಕಂತು. ಎತ್ತರದಲ್ಲಿ ಕಟ್ಟೋಣವೆಂದರೆ ಅಲ್ಲಿ ಸ್ವಂತ ನಿವೇಶನ ಬೇಕು, ಅದಕ್ಕೆ ಇ-ಸ್ವತ್ತಿನ (ಗ್ರಾಮ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ಕಾಗದ ಬೇಕು. ನಿವೇಶನ ಕೊಳ್ಳಲು ಈ ಲೆಕ್ಕದಲ್ಲಿ ಪೈಸೆಯೂ ಇಲ್ಲ. ಹೀಗಾಗಿ ಅದೇ ದಂಡೆ, ಅದೇ ಪಾಯ.

ಊರನ್ನೇ ಎತ್ತುವ ಪ್ರಯತ್ನವೂ ಆಗಿದೆ. 2009ರ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ನವಗ್ರಾಮಗಳು ಎದ್ದವು. ನಮ್ಮ ಗಡಿಯಾಚೆ, 1993ರ ಕಿಲ್ಲಾರಿ ಭೂಕಂಪದ ನಂತರ ಮಹಾರಾಷ್ಟ್ರ ಇಡೀ ಊರುಗಳನ್ನೇ ಸ್ಥಳಾಂತರಿಸಿತ್ತು. ಹೊಸ ಊರಿನ ನಕ್ಷೆ ತೆಗೆದು ನೋಡಿ. ರಸ್ತೆ, ಶಾಲೆ ಎಲ್ಲ ಇರುತ್ತದೆ. ಎರಡು ಎತ್ತು ಕಟ್ಟುವ ಕೊಟ್ಟಿಗೆ, ತೊಗರಿ ಬಡಿಯುವ ಕಣ, ಕಟ್ಟಿಗೆ ಒಟ್ಟುವ ಹಿತ್ತಲು ಎಲ್ಲಿ? ಹೊಲ ಎರಡು-ಮೂರು ಕಿಲೊಮೀಟರ್ ದೂರವಾದರೆ ಬೆಳಗಿನ ಕೂಲಿಗೆ ಹೊರಡುವ ಹೆಣ್ಣುಮಗಳಿಗೆ ಒಂದು ತಾಸು ಹೋಯಿತು. ಲಾಟರಿಯಲ್ಲಿ ಮನೆ ಹಂಚಿದರೆ ಹಳೆ ಓಣಿ ಚದುರುತ್ತದೆ. ಕೇರಿಯ ಗೋಡೆ ಒಡೆಯಲು ಇದು ಒಳ್ಳೆಯ ಅವಕಾಶವೆಂದು ನನಗನಿಸುತ್ತದೆ, ಆದರೆ ಊರು ತಕರಾರು ಮಾಡುವುದೂ ಅಲ್ಲೇ.

ಇನ್ನು ಮತ. ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯ. ಅರ್ಧ ಊರು ಎದ್ದುಹೋದರೆ ಹಳೆ ಊರಿನವರಿಗೆ ಸೀಟಿನ ಚಿಂತೆ, ಹೋದವರಿಗೆ ನಳ ಯಾವಾಗ ಬರುತ್ತದೆಂಬ ಚಿಂತೆ. ಆಗ ಮನೆಯನ್ನೇ ಹಂಚಿಕೊಳ್ಳುತ್ತಾರೆ: ಹಕ್ಕುಪತ್ರ ಕೈತಪ್ಪದಂತೆ ಮುದುಕರು ನವಗ್ರಾಮದಲ್ಲಿ, ಮಕ್ಕಳು ದನಗಳ ಜೊತೆ ಹೊಳಿ ದಂಡೆಯಲ್ಲಿ.